ಕಟಿಂಗ್ ಮಣಿ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಏನನ್ನು ನೋಡಬೇಕು?

ತಂಗಿಯ ನಿಶ್ಚಿತಾರ್ಥಕ್ಕೆ ಗಾರ್ನೆಟ್ ಎಂಬ ಕಡುಗೆಂಪು ಹರಳಿನ 18 ಇಂಚಿನ ಸರವೊಂದನ್ನು ಸ್ವತಃ ಪೋಣಿಸಬೇಕೆಂದಿದ್ದೀರಿ, 4 ಮಿ.ಮೀ.ನ ಚಪ್ಪಟೆ ಕಟಿಂಗ್ ಮಣಿಗಳ (ಮೈಮೇಲೆ ಸಣ್ಣ ಸಣ್ಣ ಸಮತಟ್ಟಾದ ಮುಖಗಳನ್ನು ಕತ್ತರಿಸಿದ ಮಣಿಗಳ) ಒಂದು ಎಳೆಗೆ ಒಬ್ಬರು ಮುನ್ನೂರು ರೂಪಾಯಿ, ಇನ್ನೊಬ್ಬರು ಎರಡು ಸಾವಿರ ಹೇಳುತ್ತಿದ್ದಾರೆ. ಚಿತ್ರದಲ್ಲಿ ಎರಡೂ ಒಂದೇ ರೀತಿ ಕಾಣುತ್ತಿರುವಾಗ ಯಾವುದನ್ನು ಕೊಳ್ಳುವುದು ಎಂದು ಕೇಳಿದ್ದೀರಿ. ಹನ್ನೆರಡು ವರ್ಷಗಳಿಂದ ಮೈಸೂರಿನ ನಮ್ಮ ಮನೆಯಲ್ಲೇ ಸರ, ಓಲೆಗಳನ್ನು ಮಾಡಿ ಮಾರುತ್ತಿರುವ ಅನುಭವದ ಮೇಲೆ ಉತ್ತರಿಸುತ್ತಿದ್ದೇನೆ. ಮೊದಲು ತೂತನ್ನು ನೋಡಿ, ಆಮೇಲೆ ಮುಖಗಳನ್ನು ನೋಡಿ, ಬಣ್ಣವನ್ನು ಕೊನೆಗೆ ನೋಡಿ ಎಂಬುದು ನನ್ನ ಸಲಹೆ. ನಾವೆಲ್ಲರೂ ಅಂಗಡಿಯಲ್ಲಿ ಮಾಡುವುದು ಇದರ ತದ್ವಿರುದ್ಧ.

ಉಂಗುರದ ಹರಳನ್ನು ಸುತ್ತಲಿನ ಲೋಹ ಹಿಡಿದಿರುತ್ತದೆ. ಮಣಿಗೆ ಆ ಆಸರೆ ಇಲ್ಲ. ಅದರ ಭಾರ, ಎಳೆತ, ಉಜ್ಜಾಟ ಎಲ್ಲವೂ ತೂತಿನ ಅಂಚಿನ ಮೇಲೆಯೇ ಬೀಳುತ್ತದೆ. ಮಣಿಗಳನ್ನು ಸಾಮಾನ್ಯವಾಗಿ ಎರಡು ಕಡೆಯಿಂದಲೂ ಕೊರೆದು ನಡುವೆ ಕೂಡಿಸುತ್ತಾರೆ. ಆ ಎರಡು ಕೊರೆತಗಳು ನೇರವಾಗಿ ಕೂಡದಿದ್ದರೆ ಒಳಗೆ ಒಂದು ಮೆಟ್ಟಿಲು ಉಳಿದು, ದಾರ ಹೋಗುತ್ತದೆ, ಸೂಜಿ ಹೋಗುವುದಿಲ್ಲ. ತೂತು ಮಧ್ಯಭಾಗವನ್ನು ಬಿಟ್ಟು ಪಕ್ಕಕ್ಕೆ ಸರಿದಿದ್ದರೆ ಪೋಣಿಸಿದ ಸರ ಕೊರಳಲ್ಲಿ ಹಾವಿನಂತೆ ಅಂಕುಡೊಂಕಾಗುತ್ತದೆ. ಎಳೆಯನ್ನು ಒಂದು ತುದಿಯಲ್ಲಿ ಹಿಡಿದು ಇಳಿಬಿಟ್ಟು ನಿಧಾನವಾಗಿ ತಿರುಗಿಸಿದರೆ ಯಾವ ಮಣಿಗಳು ಸಾಲು ಬಿಟ್ಟು ಹೊರಗೆ ಇಣುಕುತ್ತಿವೆ ಎಂಬುದು ಕನ್ನಡಕವಿಲ್ಲದೆಯೂ ಕಾಣುತ್ತದೆ. ಆನಂತರ 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ತೂತಿನ ಬಾಯಿಯನ್ನು ನೋಡಿ. ಅಲ್ಲಿ ಚಕ್ಕೆ ಹಾರಿದ್ದರೆ, ಅಥವಾ ಅಲ್ಲಿಂದ ಸಣ್ಣ ಬಿರುಕೊಂದು ಹೊರಟಿದ್ದರೆ, ಆ ಮಣಿ ಇಂದಲ್ಲ ನಾಳೆ ಒಡೆಯುತ್ತದೆ.

ತೂತಿನ ಅಂಚು ಹರಿತವಾಗಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ಒಂದು ಮೂನ್‌ಸ್ಟೋನ್ ಸರದಿಂದ. ರೇಷ್ಮೆ ದಾರದಲ್ಲಿ ಪ್ರತಿ ಮಣಿಗೂ ಗಂಟು ಹಾಕಿ, ಎರಡು ದಿನ ಕೂತು ಮಾಡಿದ ಸರ ಆರೇ ತಿಂಗಳಲ್ಲಿ ಗಿರಾಕಿಯ ಕೊರಳಿನಿಂದ ಬಿದ್ದಿತು. ದಾರವನ್ನು ಬ್ಲೇಡಿನಿಂದ ಸವರಿದಂತಿತ್ತು. ಅಂದಿನಿಂದ ಗಾಜಿನಂತೆ ನುಣುಪಾದ ಹರಳುಗಳನ್ನು ರೇಷ್ಮೆಯಲ್ಲಿ ಪೋಣಿಸುವ ಮೊದಲು ವಜ್ರದ ಪುಡಿ ಲೇಪಿಸಿದ ಸಣ್ಣ ಅರದಿಂದ ತೂತಿನ ಬಾಯಿಯನ್ನು ನೀರಿನಲ್ಲಿ ಅದ್ದಿಕೊಂಡೇ ಉಜ್ಜುತ್ತೇನೆ, ಇಲ್ಲವೇ ನೈಲಾನ್ ಲೇಪಿತ ಉಕ್ಕಿನ ಎಳೆಯನ್ನು ಬಳಸುತ್ತೇನೆ. ನಿಮ್ಮ 4 ಮಿ.ಮೀ. ಚಪ್ಪಟೆ ಮಣಿಗಳ ತೂತು ಸಾಮಾನ್ಯವಾಗಿ ಅರ್ಧ ಮಿ.ಮೀ.ನ ಆಸುಪಾಸಿನಲ್ಲಿರುತ್ತದೆ. 0.38 ಮಿ.ಮೀ. ದಪ್ಪದ ಉಕ್ಕಿನ ಎಳೆ ಅದರಲ್ಲಿ ಸಲೀಸಾಗಿ ಹೋಗುತ್ತದೆ. ಓಲೆಗೆ ತಂತಿ ಸುತ್ತುವುದಾದರೆ 26 ಗೇಜ್, ಅಂದರೆ 0.40 ಮಿ.ಮೀ. ತಂತಿ ಸರಿಯಾಗುತ್ತದೆ, 24 ಗೇಜಿನದು 0.51 ಮಿ.ಮೀ. ಇರುವುದರಿಂದ ಅರ್ಧದಷ್ಟು ಮಣಿಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ಮುಖಗಳ ಮಾತು. ಜೈಪುರದಿಂದ ಬರುವ ಮಣಿಗಳಲ್ಲಿ ಬಹಳಷ್ಟು ಕೈಯಿಂದ ಸಾಣೆ ಹಿಡಿದವು. ಅವುಗಳ ಮುಖಗಳು ಸ್ವಲ್ಪ ಹೆಚ್ಚುಕಡಿಮೆ ಇರುತ್ತವೆ, ಒಂದೇ ಎಳೆಯಲ್ಲಿ 3.7ರಿಂದ 4.3 ಮಿ.ಮೀ.ವರೆಗೂ ಅಳತೆ ಏರಿಳಿಯುವುದುಂಟು. ಯಂತ್ರದಲ್ಲಿ ಕತ್ತರಿಸಿದ 2–3 ಮಿ.ಮೀ. ಮಣಿಗಳು ಒಂದರಂತೆ ಇನ್ನೊಂದಿದ್ದು, ಸಕ್ಕರೆ ಹರಳಿನಂತೆ ಮಿನುಗುತ್ತವೆ. ನನಗೆ ಗಾರ್ನೆಟ್ಟಿನಲ್ಲಿ ಕೈಯ ಕೆಲಸವೇ ಇಷ್ಟ, ಏಕೆಂದರೆ ಆ ಸಣ್ಣ ಏರುಪೇರಿನಿಂದಾಗಿ ಸರ ಅಲುಗಿದಾಗ ಬೆಳಕು ಒಮ್ಮೆಲೇ ಮಿಂಚದೆ ಮಣಿಯಿಂದ ಮಣಿಗೆ ಹರಿಯುತ್ತದೆ. ಆದರೆ ಕರಿಮಣಿಯ ಬದಲು ಕಪ್ಪು ಸ್ಪಿನೆಲ್ ಎಂಬ ಹರಳನ್ನು ಕೇಳುವವರಿಗೆ ಯಂತ್ರದ ಮಣಿಯನ್ನೇ ಕೊಡುತ್ತೇನೆ, 2 ಮಿ.ಮೀ. ಗಾತ್ರದಲ್ಲಿ ಏರುಪೇರು ಸೊಗಸಾಗಿ ಕಾಣುವುದಿಲ್ಲ, ಕೊಳೆಯಂತೆ ಕಾಣುತ್ತದೆ. ಕೈಯದಾಗಲಿ ಯಂತ್ರದ್ದಾಗಲಿ, ಎರಡು ಮುಖಗಳು ಕೂಡುವ ಗೆರೆ ಚೂಪಾಗಿರಬೇಕು. ಆ ಗೆರೆ ಸೋಪಿನ ಬಿಲ್ಲೆಯ ಅಂಚಿನಂತೆ ಉರುಟಾಗಿದ್ದು, ಒಳಗೆ ಗುಂಡನೆಯ ಗುಳ್ಳೆಗಳು ಕಂಡರೆ ಅದು ಅಚ್ಚಿನಲ್ಲಿ ಎರಕ ಹೊಯ್ದ ಗಾಜು ಎಂದು ತಿಳಿಯಿರಿ.

ನಿಮ್ಮ ಮುನ್ನೂರು ರೂಪಾಯಿಯ ಎಳೆ ಗಾಜೇ ಆಗಿರಬೇಕೆಂದಿಲ್ಲ. ತೂತು ಓರೆಯಾದ, ಬಣ್ಣ ಕಪ್ಪಿಟ್ಟ ನಿಜವಾದ ಗಾರ್ನೆಟ್ ಕೂಡ ಅಗ್ಗವಾಗಿಯೇ ಸಿಗುತ್ತದೆ. ಗಾರ್ನೆಟ್ಟನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ಕೆಂಪು ಗಾರ್ನೆಟ್ಟಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಬಲವಾದ ನಿಯೋಡೈಮಿಯಮ್ ಅಯಸ್ಕಾಂತ ಅದನ್ನು ಸೆಳೆಯುತ್ತದೆ. ಒಂದು ಮಣಿಯನ್ನು ತೆಳುವಾದ ದಾರದಲ್ಲಿ ತೂಗುಬಿಟ್ಟು ಅಯಸ್ಕಾಂತವನ್ನು ಪಕ್ಕಕ್ಕೆ ತಂದರೆ ಅದು ಮೆಲ್ಲನೆ ವಾಲುತ್ತದೆ. ಸಾಮಾನ್ಯ ಕೆಂಪು ಗಾಜಾಗಲಿ ಮಾಣಿಕ್ಯವಾಗಲಿ ಹಾಗೆ ವಾಲುವುದಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತದಿಂದ ಇದು ಆಗದು.

ಗಾರ್ನೆಟ್ಟಿನ ಇನ್ನೊಂದು ಗುಣವೂ ನಿಮಗೆ ಗೊತ್ತಿರಬೇಕು. ಅದರ ಬಣ್ಣ ಎಷ್ಟು ಗಾಢವೆಂದರೆ 6 ಮಿ.ಮೀ. ದಾಟಿದ ಮಣಿಗಳು ಕೊರಳಲ್ಲಿ ಬಹುಮಟ್ಟಿಗೆ ಕಪ್ಪಾಗಿಯೇ ಕಾಣುತ್ತವೆ, 3–4 ಮಿ.ಮೀ.ನಲ್ಲಿ ಮಾತ್ರ ದಾಳಿಂಬೆಯ ಕೆಂಪು ಹೊರಬರುತ್ತದೆ. ನೀವು ಆರಿಸಿಕೊಂಡ ಅಳತೆ ಸರಿಯಾಗಿದೆ. ಅಂಗಡಿಯಲ್ಲಿ ಹತ್ತು ಎಳೆಗಳನ್ನು ಒಟ್ಟಿಗೆ ಕಟ್ಟಿದ ಕಟ್ಟನ್ನು ನೋಡಿ ಬಣ್ಣವನ್ನು ತೀರ್ಮಾನಿಸಬೇಡಿ, ಏಕೆಂದರೆ ಕಟ್ಟಿನಲ್ಲಿ ಎಲ್ಲ ಹರಳಿನ ಬಣ್ಣವೂ ಹೆಚ್ಚಾಗಿ ಕಾಣುತ್ತದೆ. ಗಾರ್ನೆಟ್ಟಿಗೆ ಇದರಿಂದ ಅನ್ಯಾಯವಾದರೆ, ತಿಳಿಬಣ್ಣದ ಅಕ್ವಾಮರೀನ್‌ಗೆ ಇದರಿಂದ ಅನರ್ಹ ಲಾಭವಾಗುತ್ತದೆ. ಒಂದೇ ಎಳೆಯನ್ನು ಬಿಡಿಸಿಕೊಂಡು, ಅಂಗಡಿಯ ದೀಪದಿಂದ ಬಾಗಿಲ ಬಳಿಯ ಹಗಲು ಬೆಳಕಿಗೆ ಬಂದು, ಬಿಳಿ ಕಾಗದದ ಮೇಲೂ ನಿಮ್ಮ ಮುಂಗೈ ಮೇಲೂ ಇಟ್ಟು ನೋಡಿ. ಎಳೆಯ ದಾರದ ಬಣ್ಣವನ್ನೂ ಗಮನಿಸಿ. ಪೇಲವವಾದ ಪಚ್ಚೆಯನ್ನು ಹಸಿರು ದಾರದಲ್ಲಿ ಪೋಣಿಸಿ ಮಾರುವುದು ಹಳೆಯ ಚಮತ್ಕಾರ.

ಬಣ್ಣ ಹಾಕಿದ ಹರಳುಗಳ ವಿಷಯದಲ್ಲಿ ನಾನೇ ಒಮ್ಮೆ ಮೋಸಹೋಗಿದ್ದೇನೆ. ಆರಂಭದ ವರ್ಷದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದ ‘ಮಾಣಿಕ್ಯ’ದ ಎಳೆಯಿಂದ ನಮ್ಮ ಚಿಕ್ಕಮ್ಮನಿಗೆ ಸರ ಮಾಡಿಕೊಟ್ಟಿದ್ದೆ. ಏಪ್ರಿಲ್ ತಿಂಗಳ ಮದುವೆ, ಸೆಕೆ, ಬೆವರು. ಊಟದ ಹೊತ್ತಿಗೆ ಅವರ ಕೆನೆಬಣ್ಣದ ರೇಷ್ಮೆ ರವಿಕೆಯ ಕುತ್ತಿಗೆಯ ಸುತ್ತ ಗುಲಾಬಿ ಗೆರೆ ಮೂಡಿತ್ತು. ಅದು ಬಿರುಕು ಬರಿಸಿ ಬಣ್ಣ ಕುಡಿಸಿದ ಬಿಳಿ ಕ್ವಾರ್ಟ್ಸ್ (ಸ್ಫಟಿಕ) ಆಗಿತ್ತು. ಚಿಕ್ಕಮ್ಮ ಈಗಲೂ ನನ್ನ ಸರವನ್ನು ಹಾಕಿಕೊಳ್ಳುವ ಮೊದಲು ಒದ್ದೆ ಕರವಸ್ತ್ರದಲ್ಲಿ ಒರೆಸಿ ನೋಡುತ್ತಾರೆ. ನೀವು ಒದ್ದೆ ಬಟ್ಟೆಯ ಬದಲು ಅಸಿಟೋನ್, ಅಂದರೆ ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿಯಿಂದ ಒಂದು ಮಣಿಯ ತೂತಿನ ಸುತ್ತ ಉಜ್ಜಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಆ ಎಳೆಯನ್ನು ಹಿಂದಿರುಗಿಸಿ. ಬಣ್ಣ ಹಾಕಿದ ಮಣಿಗಳಲ್ಲಿ ತೂತಿನ ಬಾಯಿ ಮತ್ತು ಬಿರುಕುಗಳ ಒಳಗೆ ಬಣ್ಣ ಮಡುಗಟ್ಟಿರುವುದು ಭೂತಗನ್ನಡಿಯಲ್ಲೂ ಕಾಣುತ್ತದೆ.

ಹಾಗೆಂದು ಸಂಸ್ಕರಿಸಿದ ಹರಳೆಲ್ಲವೂ ಮೋಸವಲ್ಲ. ಗುಜರಾತಿನ ಖಂಭಾತದಲ್ಲಿ ಕಾರ್ನೀಲಿಯನ್ ಕಲ್ಲನ್ನು ಕಾಯಿಸಿ ಕೆಂಪಾಗಿಸುವ ಕಸುಬು ಹರಪ್ಪ ಕಾಲದಷ್ಟು ಹಳೆಯದು. ಮಾರುಕಟ್ಟೆಯ ಹಳದಿ ಸಿಟ್ರಿನ್ ಬಹುಪಾಲು ಕಾಯಿಸಿದ ನೇರಳೆ ಅಮೆಥಿಸ್ಟ್; ಕಪ್ಪು ಆನಿಕ್ಸ್ ಎಂದರೆ ಬಹುತೇಕ ಬಣ್ಣ ಕುಡಿಸಿದ ಅಗೇಟ್, ಆದರೆ ಆ ಬಣ್ಣ ಬಿಡುವುದಿಲ್ಲ. ಮಾರುವವರು ಇದನ್ನು ಹೇಳಿ ಮಾರಿದರೆ ನನಗೆ ತಕರಾರಿಲ್ಲ. ‘ಹೈಡ್ರೋ ಕ್ವಾರ್ಟ್ಸ್’ ಎಂಬ ಹೆಸರಿನಲ್ಲಿ ಬರುವುದು ಮಾತ್ರ ಸಾಮಾನ್ಯವಾಗಿ ಗಾಜೇ. ಅದನ್ನು ಗಾಜೆಂದು ಕರೆದರೆ ಆಗುವ ನಷ್ಟವೇನೋ ನನಗೆ ಅರ್ಥವಾಗಿಲ್ಲ. ಗಾರ್ನೆಟ್ಟಿಗೆ ಸಾಮಾನ್ಯವಾಗಿ ಯಾವ ಸಂಸ್ಕಾರವನ್ನೂ ಮಾಡುವುದಿಲ್ಲವಾದ್ದರಿಂದ ಹೊಸಬರು ಅದರಿಂದ ಆರಂಭಿಸುವುದು ಒಳ್ಳೆಯದು.

ಮುಂದೆ ಬೇರೆ ಹರಳುಗಳಿಗೆ ಕೈ ಹಾಕಿದಾಗ ಗಡಸುತನದ ಲೆಕ್ಕ ನೆನಪಿರಲಿ. ಮನೆಯ ಧೂಳಿನಲ್ಲೇ ಕ್ವಾರ್ಟ್ಸಿನ ಕಣಗಳಿರುತ್ತವೆ, ಅವುಗಳ ಗಡಸುತನ ಮೋಸ್ ಮಾನದಲ್ಲಿ (ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಹೇಳುವ ಅಳತೆ) 7. ಅದಕ್ಕಿಂತ ಮೆದುವಾದ ಅಪಟೈಟ್ (5), ಫ್ಲೋರೈಟ್ (4) ಇವುಗಳ ಮುಖದಂಚುಗಳು ದಿನಬಳಕೆಯಲ್ಲಿ ಬೇಗ ಸವೆದು ಮಂಕಾಗುತ್ತವೆ. ಓಲೆಗೆ ಅವು ಚೆನ್ನ, ಬ್ರೇಸ್ಲೆಟ್ಟಿಗೆ ಬೇಡ. ಗಾರ್ನೆಟ್ 6.5ರಿಂದ 7.5ರ ನಡುವೆ ಬರುವುದರಿಂದ ಸರಕ್ಕೆ ಧಾರಾಳವಾಗಿ ಸಾಕು.

ಲೆಕ್ಕದ ವಿಷಯವನ್ನು ನೀವು ಕೇಳಿಲ್ಲ, ಆದರೆ ಅಲ್ಲಿಯೇ ಹೊಸಬರು ಎಡವುವುದು. 4 ಮಿ.ಮೀ. ಎಂಬುದು ಚಪ್ಪಟೆ ಮಣಿಯ ಅಗಲ. ದಾರದ ಉದ್ದಕ್ಕೆ ಅದು ಆಕ್ರಮಿಸುವುದು ಅದರ ದಪ್ಪದಷ್ಟನ್ನು, ಅಂದರೆ ಸುಮಾರು 2.7 ಮಿ.ಮೀ. ಮಾತ್ರ. 18 ಇಂಚಿಗೆ 457 ಮಿ.ಮೀ.; ಕೊಂಡಿಗೆ 20 ಕಳೆದರೆ ನೂರರವತ್ತಕ್ಕೂ ಸ್ವಲ್ಪ ಹೆಚ್ಚು ಮಣಿ ಬೇಕು. ಇಂಥ ಎಳೆಗಳು ಸಾಮಾನ್ಯವಾಗಿ 13–14 ಇಂಚಿನವು, 14 ಇಂಚಿನ ಒಂದು ಎಳೆಯಲ್ಲಿ ನೂರಮೂವತ್ತರಷ್ಟು ಮಣಿಗಳಿರುತ್ತವೆ. ಆದ್ದರಿಂದ ಎರಡು ಎಳೆಗಳನ್ನು, ಒಂದೇ ಕಟ್ಟಿನಿಂದ, ಒಂದೇ ದಿನ ಕೊಳ್ಳಿ. ಮುಂದಿನ ತಿಂಗಳು ಅದೇ ಅಂಗಡಿಗೆ ಹೋದರೆ ಅದೇ ಕೆಂಪು ಸಿಗುವ ಭರವಸೆಯಿಲ್ಲ. ಎರಡು ಸಾವಿರದ ಎಳೆ ತೂಗುಬಿಟ್ಟಾಗ ನೇರವಾಗಿ ನಿಂತು, ಹಗಲಿನಲ್ಲಿ ಕೆಂಪಾಗಿಯೇ ಕಂಡರೆ ನಾನು ಅದನ್ನೇ ಕೊಳ್ಳುತ್ತೇನೆ. ಪೋಣಿಸುವ ಮೊದಲು ಮಣಿಗಳನ್ನೆಲ್ಲ ತಟ್ಟೆಯಲ್ಲಿ ಹರಡಿ, ದೊಡ್ಡವನ್ನೂ ಹೊಳಪಿನವನ್ನೂ ಎದೆಯ ಮೇಲೆ ಬರುವ ಭಾಗಕ್ಕೆ, ಚಿಕ್ಕವನ್ನು ಕೊಂಡಿಯ ಕಡೆಗೆ ವಿಂಗಡಿಸಿಕೊಳ್ಳಿ. ತೂತು ಕೆಟ್ಟ ಹತ್ತು ಹನ್ನೆರಡನ್ನು ಪಕ್ಕಕ್ಕೆ ತೆಗೆದರೂ ತಂಗಿಗೆ ಒಂದು ಬ್ರೇಸ್ಲೆಟ್ಟಿಗೆ ಆಗುವಷ್ಟು ಮಣಿ ಉಳಿಯುತ್ತದೆ.