ಇಂಗ್ಲಿಷ್ ನಾಟಕಕಾರ ಮಾರ್ಲೋ ಬರೆದ ‘ಎರಡನೇ ಎಡ್ವರ್ಡ್’ ನಾಟಕದಲ್ಲಿ ಕುಲೀನ ಶ್ರೀಮಂತರಿಗೆ ದೊರೆ ಎಡ್ವರ್ಡ್‌ನ ಆಪ್ತ ಗ್ಯಾವೆಸ್ಟನ್ ಮೇಲೆ ಅಷ್ಟೊಂದು ಸಿಟ್ಟು ಯಾಕೆ?

ದೊರೆಗೂ ಅವನಿಗೂ ಇದ್ದ ಪ್ರೀತಿಯೇ ಕಾರಣ ಎಂದು ತುಂಬಾ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 1594ರಲ್ಲಿ ಅಚ್ಚಾದ ಈ ನಾಟಕದಲ್ಲಿ ಆ ಶ್ರೀಮಂತರಲ್ಲೊಬ್ಬನಾದ ಕಿರಿಯ ಮಾರ್ಟಿಮರ್, ಕಾರಣ ಅದಲ್ಲ ಎಂದು ಬಾಯಿಬಿಟ್ಟೇ ಹೇಳುತ್ತಾನೆ. ದೊರೆಯ ಚಪಲದ ಬಗ್ಗೆ ಅವನಿಗೆ ಬೇಸರವಿಲ್ಲ. ಸಾಮಾನ್ಯ ಮನೆತನದವನೊಬ್ಬ ಬೊಕ್ಕಸದ ದುಡ್ಡಲ್ಲಿ ಮೆರೆಯುತ್ತಾನೆ, ಅತ್ತ ಸೈನಿಕರಿಗೆ ಸಂಬಳವಿಲ್ಲ. ಅವನಿಗೆ ಸಹಿಸಲಾಗದ್ದು ಇದು.

ಗಡೀಪಾರಾಗಿದ್ದ ಗ್ಯಾವೆಸ್ಟನ್ ಮರಳಿದ ಕೂಡಲೇ ಎಡ್ವರ್ಡ್ ಏನೇನು ಕೊಡುತ್ತಾನೆ ನೋಡಿ. ಕಾರ್ನ್‌ವಾಲ್‌ನ ಅರ್ಲ್ ಎಂಬ ದೊಡ್ಡ ಶ್ರೀಮಂತ ಪದವಿ, ಮುಖ್ಯ ಕಾರ್ಯದರ್ಶಿ ಹುದ್ದೆ, ಮ್ಯಾನ್ ದ್ವೀಪದ ಒಡೆತನ. ಅದರ ಮೇಲೆ ತನ್ನ ಮುದ್ರೆಯನ್ನೂ ಕೊಟ್ಟು, ಯಾರನ್ನು ಬೇಕಾದರೂ ಉಳಿಸು, ಶಿಕ್ಷಿಸು, ನನ್ನ ಹೆಸರಲ್ಲಿ ಆಜ್ಞೆ ಮಾಡು ಎನ್ನುತ್ತಾನೆ. ಇಡೀ ನಾಟಕದ ಗುಟ್ಟು ಈ ಮುದ್ರೆಯಲ್ಲೇ ಇದೆ ಎಂಬುದು ನನ್ನ ಅನಿಸಿಕೆ. ಕೊಟ್ಟಿದ್ದು ಬರೀ ಉಡುಗೊರೆಯಲ್ಲ, ಆಳುವ ಅಧಿಕಾರ. ಶ್ರೀಮಂತರ ಬಲ ಬಂದದ್ದು ಹುಟ್ಟಿನಿಂದ, ಭೂಮಿಯಿಂದ. ದೊರೆಯ ಮನಸ್ಸೊಂದೇ ಸಾಕು ಎಂದಾದರೆ ಅವರ ಬುಡವೇ ಅಲ್ಲಾಡುತ್ತದೆ ಅಲ್ವಾ?

ಗ್ಯಾವೆಸ್ಟನ್ ಸತ್ತ ಮೇಲೂ ಜಗಳ ನಿಲ್ಲುವುದಿಲ್ಲ. ಅವನ ಜಾಗಕ್ಕೆ ಸ್ಪೆನ್ಸರ್ ಎಂಬ ಇನ್ನೊಬ್ಬ ದೊರೆಯ ಆಪ್ತನಾಗಿ ಬರುತ್ತಾನೆ. ಕೊನೆಗೆ ಮಾರ್ಟಿಮರ್ ತಾನೇ ರಾಣಿ ಇಸಬೆಲ್ಲಾಳ ಒಲವು ಗಳಿಸಿ, ಎಳೆಯ ರಾಜಕುಮಾರನನ್ನು ಕೈಯಲ್ಲಿಟ್ಟುಕೊಂಡು ರಾಜ್ಯ ಆಳತೊಡಗುತ್ತಾನೆ.