ಅಮೆರಿಕದ ಎಫ್-20 ಟೈಗರ್‌ಶಾರ್ಕ್ ಒಳ್ಳೆಯ ಯುದ್ಧವಿಮಾನವಾಗಿದ್ದರೂ ಒಂದೂ ಮಾರಾಟವಾಗಲಿಲ್ಲ, ಯಾಕೆ?

ಅಮೆರಿಕದ ವಾಯುಪಡೆಯೇ ಅದನ್ನು ಕೊಳ್ಳಲಿಲ್ಲ. ಅದೇ ಮುಳುವಾಯಿತು.

ಅಮೆರಿಕದ ವಾಯುಪಡೆಯೇ ಹಾರಿಸುವ ಎಫ್-16ನಂಥ ಯುದ್ಧವಿಮಾನಗಳನ್ನು ಹೊರದೇಶಕ್ಕೆ ಮಾರಲು ಅಧ್ಯಕ್ಷ ಕಾರ್ಟರ್ ಸರ್ಕಾರ ಕಡಿವಾಣ ಹಾಕಿತ್ತು. ಆ ಜಾಗ ಹಿಡಿಯಲೆಂದೇ ನಾರ್ಥ್ರಾಪ್ ಕಂಪನಿ ಸುಮಾರು 120 ಕೋಟಿ ಡಾಲರ್ ಸ್ವಂತ ದುಡ್ಡು ಸುರಿಯಿತು. ತನ್ನದೇ ಹಳೆಯ ಎಫ್-5 ವಿಮಾನದ ಎರಡು ಎಂಜಿನ್ ತೆಗೆದು, ಶಕ್ತಿ ಜಾಸ್ತಿಯಿರುವ ಒಂದೇ ಎಫ್404 ಎಂಜಿನ್ ಕೂರಿಸಿ ಎಫ್-20 ಮಾಡಿತು. (ನಮ್ಮ ತೇಜಸ್‌ನಲ್ಲಿರುವುದೂ ಇದೇ ವಂಶದ ಎಂಜಿನ್.) 1982ರಲ್ಲಿ ಅದು ಹಾರುವ ಹೊತ್ತಿಗೆ ರೇಗನ್ ಅಧ್ಯಕ್ಷರಾಗಿ ಬಂದು ಕಡಿವಾಣ ಸಡಿಲಿಸಿಯಾಗಿತ್ತು. ಪಾಕಿಸ್ತಾನಕ್ಕೂ ಎಫ್-16 ಸಿಗುವಂತಾಗಿತ್ತು.

ಅಮೆರಿಕವೇ ಹಾರಿಸುವ ವಿಮಾನವಾದರೆ ಬಿಡಿಭಾಗ, ತರಬೇತಿ, ಸುಧಾರಣೆ ದಶಕಗಟ್ಟಲೆ ಸಿಗುತ್ತವೆ. ಅದನ್ನು ಬಿಟ್ಟು ಸುಮ್ನೆ ಇದನ್ನು ಯಾರು ಕೊಳ್ಳುತ್ತಾರೆ, ಅಲ್ವಾ? ಬೇಕೆಂದಿದ್ದ ತೈವಾನ್‌ಗೆ ಮಾರಲು, ಚೀನಾ ಮುನಿಸಿಕೊಳ್ಳುತ್ತದೆಂದು ಅಮೆರಿಕ ಬಿಡಲಿಲ್ಲ. ತಯಾರಾದ ಮೂರರಲ್ಲಿ ಎರಡು ಬಿದ್ದುಹೋದವು. 1986ರಲ್ಲಿ ಕಂಪನಿ ಕೈಬಿಟ್ಟಿತು.