ಪ್ರಬಲ್ ತಗೊಳ್ಳಲೋ, ಮಾರ್ಕ್ 3 ತಗೊಳ್ಳಲೋ: ಕಾರಟಗಿ ಸಾವುಕಾರ್ರ ಪ್ರಶ್ನೆಗೆ

ಸಾವುಕಾರ್ರ, ನೀವು ಕೇಳಿದ್ದು ಇಷ್ಟು. ಡಿಸಿ ಆಫೀಸಿನಿಂದ ಲೈಸೆನ್ಸ್ ಬಂದದ. ಅಂಗಡಿಯವರು ಎರಡು .32 (ಬ್ಯಾರೆಲ್ ತೂತಿನ ಅಳತಿ, ಇಂಚಿನ ಲೆಕ್ಕ) ರಿವಾಲ್ವರ್ ತೋರಿಸ್ಯಾರ, ಒಂದು ಹಳೇ ನಮೂನಿ ಮಾರ್ಕ್ 3, ಇನ್ನೊಂದು ಪ್ರಬಲ್. ತಿಂಗಳಿಗೊಮ್ಮೆ ರೇಂಜಿಗೆ ಹೋಗಿ ಪ್ರಾಕ್ಟೀಸ್ ಆಗಬೇಕು, ರಾತ್ರಿ ರೈಸ್ ಮಿಲ್ಲಿನಿಂದ ರೊಕ್ಕ ತರುವಾಗ ಸೊಂಟದಾಗೂ ಇರಬೇಕು. ಇವೆರಡೂ ಬಿಟ್ಟು ವಿಡಿಯೋದಾಗ ತೋರಿಸೋ ಹೆಚ್ಚು ಜೋರಿನ .357 ಮ್ಯಾಗ್ನಂ ರಿವಾಲ್ವರ್ ಸಿಕ್ರ ಹೆಂಗ ಅಂತನೂ ಕೇಳೀರಿ.

ಎರಡೂ ಕೆಲಸಕ್ಕ ಒಂದೇ ಅಂದ್ರ ಪ್ರಬಲ್ ತಗೊಳ್ರಿ. ಆದ್ರ ನಿಮ್ಮ ಕೈಗೆ ಕೊಡೋ ಆ ಒಂದು ಪೀಸ್ ಕೆಳಗ ಬರೆದ ಪರೀಕ್ಷೆ ಪಾಸಾಗಬೇಕು. ಆಗಲಿಲ್ಲ, ಪಕ್ಕದಾಗಿರೋ ಮಾರ್ಕ್ 3 ಪಾಸಾಯ್ತು ಅಂದ್ರ ಮಾರ್ಕ್ 3 ತಗೊಂಡು ಬರ್ರಿ. ಬೇಸಾಯಕ್ಕ ಎತ್ತು ಕೊಳ್ಳುವಾಗ ಹಲ್ಲು ಎಣಿಸಿ ನೋಡ್ತೀವಿ, ತಳಿ ಹೆಸರು ಕೇಳಿ ರೊಕ್ಕ ಕೊಡಂಗಿಲ್ಲ. ಇದೂ ಹಂಗ.

ಮೊದಲು ಮ್ಯಾಗ್ನಂ ಮಾತು ಮುಗಿಸ್ತೀನಿ. ನೀವು ನೋಡಿದ್ದು ಸ್ಮಿತ್ ಅಂಡ್ ವೆಸನ್ 686, ರೂಗರ್ ಜಿಪಿ100. ಎರಡೂ 1980ರ ದಶಕದ ಅಮೆರಿಕದ ಮಾಲು. 4 ಇಂಚಿನ ಬ್ಯಾರೆಲ್ಲಿನವು ಸುಮಾರು 1.1 ಕೆ.ಜಿ. ತೂಗ್ತಾವ. ಕೈಗೆ 686ರ ಟ್ರಿಗರ್ ನುಣುಪು. ಜಿಪಿ100ರ ಫ್ರೇಮಿಗೆ ಪಕ್ಕದ ಮುಚ್ಚಳನೇ ಇಲ್ಲ, ಟ್ರಿಗರ್ ಗುಂಪು ಪೂರ್ತಿ ಕೆಳಗಿಂದ ಕಳಚಿ ಬರ್ತದ. ಸಿಲಿಂಡರ್ (ತೋಟಾ ತುಂಬೋ ತಿರುಗು ಉರುಳೆ) ಮುಂದಗಡೆ ಕ್ರೇನಿನ (ಸಿಲಿಂಡರ್ ಹೊತ್ತ ತೋಳಿನ) ಹತ್ರನೂ ಲಾಕ್ ಆಗ್ತದ. ಒರಟಾಗಿ ಬಳಸೋರಿಗೆ ಅದು, ಗುರಿ ಸ್ಪರ್ಧೆ ಹುಚ್ಚಿರೋರಿಗೆ 686. ಎರಡರಾಗೂ .38 ಸ್ಪೆಷಲ್ ರೌಂಡ್ (ತೋಟಾ) ಹೊಡೀಬಹುದು, ಯಾಕಂದ್ರ .357ರ ಕೇಸು (ಮದ್ದು ಹಿಡಿಯೋ ಹಿತ್ತಾಳಿ ಕೊಳವಿ) ಅದಕ್ಕಿಂತ ಸುಮಾರು 3 ಮಿ.ಮೀ. ಉದ್ದ ಅಷ್ಟ. ಹಂಗ ಬರೇ .38 ಹೊಡೀತಾ ಹೋದ್ರ ಕೋಣೆ (ಸಿಲಿಂಡರಿನಾಗ ರೌಂಡ್ ಕೂಡೋ ತೂತು) ಒಳಗ ಮಸಿ ಉಂಗುರ ಕಟ್ತದ, ಆಮ್ಯಾಲ .357 ಹಾಕಿದ್ರ ಬಿಗಿ ಬರ್ತದ, ಖಾಲಿ ಕೇಸು ಹೊರಗ ಬರಲ್ಲ. ಇದೆಲ್ಲಾ ಅಲ್ಲಿಯವರ ತಲೆನೋವು. ನಮ್ಮ ಕಡೆ ಸಾಮಾನ್ಯ ಲೈಸೆನ್ಸುದಾರ ಹೊರದೇಶದಿಂದ ಹೊಸ ರಿವಾಲ್ವರ್ ತರಿಸಂಗಿಲ್ಲ. ಹಳೇ ಪೀಸ್ ಇನ್ನೊಬ್ಬ ಲೈಸೆನ್ಸುದಾರನಿಂದ ವರ್ಗ ಆಗಿ ಬರಬೇಕು, ಬಂದ್ರೂ ಅದರ ರೌಂಡ್ ಹುಡುಕೋದ್ರಾಗ ಸಾಕಾಗ್ತದ. ಮತ್ತ 1.1 ಕೆ.ಜಿ. ಕಬ್ಬಿಣ ಮೇ ತಿಂಗಳ ಬಿಸಿಲಾಗ ದಿನಾ ಸೊಂಟಕ್ಕ ಕಟ್ಟಿಕೊಂಡು ತಿರುಗೋದು ಒಂದು ವಾರದ ಹುಮ್ಮಸ್ಸು.

.32 ಅಂದ್ರ ಆಟಿಕೆ ಅಂತ ಮೂಗು ಮುರಿಯೋರು ಭಾಳ ಮಂದಿ. ಶಕ್ತಿ ಕಡಿಮಿ ಖರೆ. 6.35 ಗ್ರಾಂ ಸೀಸದ ಗುಂಡು ಸೆಕೆಂಡಿಗೆ ಇನ್ನೂರು ಮೀಟರಿನ ಆಸುಪಾಸು ವೇಗದಾಗ ಹೋಗ್ತದ. ಮ್ಯಾಗ್ನಂ ಹೊಡೆತ ಇದರ ನಾಕೈದು ಪಟ್ಟು. ಆದ್ರ ನಿಮ್ಮ ರಿವಾಲ್ವರಿನ ರೌಂಡ್ .32 ಸ್ಮಿತ್ ಅಂಡ್ ವೆಸನ್ ಲಾಂಗ್, ಅಂತರರಾಷ್ಟ್ರೀಯ 25 ಮೀಟರ್ ಸೆಂಟರ್ ಫೈರ್ ಪಿಸ್ತೂಲು ಸ್ಪರ್ಧೆಯಾಗ ಚಪ್ಪಟೆ ಮೂತಿ ಗುಂಡು ಹಾಕಿ ಇವತ್ತಿಗೂ ಹೊಡೆಯೋದು ಇದನ್ನ. ರೌಂಡಿನಾಗ ಗುರಿ ಅದ. ಒದೆತ ಕಡಿಮಿ ಇರೋದಕ್ಕ ಎರಡನೇ ಗುಂಡೂ ಮೊದಲನೇದರ ಹತ್ರನೇ ಬೀಳ್ತದ. ಕಲಿಯೋರಿಗೆ ಇದಕ್ಕಿಂತ ಛಲೋ ಬೋರ್ ಇಲ್ಲ ಅಂತ ನನ್ನ ಅಭಿಪ್ರಾಯ.

ಇಲ್ಲೇ ಒಂದು ಮಾತು, ಮರೀಬ್ಯಾಡ್ರಿ. ಪಿಸ್ತೂಲಿಗೂ .32 ಅಂತನೇ ಒಂದು ರೌಂಡ್ ಅದ (7.65 x 17). ರಿವಾಲ್ವರಿಂದು 7.65 x 23. ಲೈಸೆನ್ಸಿನಾಗ ಬರೇ .32 ಅಂತ ಬರೆದಿರ್ತಾರ, ಕೌಂಟರಿನ ಹುಡುಗ ಗೊತ್ತಿಲ್ಲದ ಪಿಸ್ತೂಲಿನ ಡಬ್ಬಿ ಕೊಟ್ಟುಬಿಡ್ತಾನ. ಅದು ಗಿಡ್ಡ, ಅಂಚು ಸಣ್ಣದು, ಆದ್ರೂ ರಿವಾಲ್ವರಿನ ಕೋಣೆಯಾಗ ಕೂಡ್ತದ. ಹೊಡೀಬ್ಯಾಡ್ರಿ. ಪಿಸ್ತೂಲಿನ ರೌಂಡಿನ ಒತ್ತಡದ ಮಿತಿ ಚದರ ಇಂಚಿಗೆ 20,500 ಪೌಂಡ್, ನಿಮ್ಮದಕ್ಕ 15,000. ಡಬ್ಬಿ ಮ್ಯಾಲಿನ ಅಕ್ಷರ ಓದಿ, ಒಂದು ರೌಂಡ್ ತೆಗೆದು ಹಿಂದಿನ ಅಂಚು ಬೆರಳಿಗೆ ಎದ್ದು ಸಿಗ್ತದೇನು ನೋಡಿನೇ ರೊಕ್ಕ ಕೊಡ್ರಿ.

ಈಗ ನಿಮ್ಮ ಎರಡು ಪೀಸ್. ಅಂಗಡಿಯವರು ದೊಡ್ಡದಾಗಿ ಹೇಳೋದು ಪ್ರಬಲ್ 50 ಮೀಟರ್, ಮಾರ್ಕ್ 3 ಬರೇ 20 ಮೀಟರ್ ಅಂತ. ಪ್ರಬಲ್ 2023ರ ಆಗಸ್ಟಿನಾಗ ಕಾನ್ಪುರದ ಸರ್ಕಾರಿ ಕಂಪನಿ ಬಿಟ್ಟಿದ್ದು, ಖಾಲಿ ಇದ್ದಾಗ 700 ಗ್ರಾಂ, ಬ್ಯಾರೆಲ್ 76 ಮಿ.ಮೀ. ಮಾರ್ಕ್ 3 ಕೂಡ ಹೆಚ್ಚೂಕಡಿಮಿ ಅದೇ ಉದ್ದ, ಅದೇ ತೂಕ. ಬ್ಯಾರೆಲ್ ಅದೇ, ರೌಂಡ್ ಅದೇ ಇದ್ದ ಮ್ಯಾಲ 50ರ ಲೆಕ್ಕ ನಿಮ್ಮ ಕೈಗೆ ಎಲ್ಲಿಂದ ಬರಬೇಕು? ಮುಂದಿನ ಗುರಿಮಣಿಗೂ ಹಿಂದಿನ ಕಚ್ಚಿಗೂ 11 ಸೆಂ.ಮೀ. ಅಂತ ಹಿಡೀರಿ. ಮಣಿ ಅರ್ಧ ಮಿ.ಮೀ. ಆಕಡೆ ಸರಿದ್ರ 10 ಮೀಟರಿನಾಗ ಗುಂಡು ನಾಕೂವರೆ ಸೆಂ.ಮೀ. ತಪ್ತದ, 50 ಮೀಟರಿನಾಗ ಒಂದು ಗೇಣು. ಈ ಗಿಡ್ಡ ಬ್ಯಾರೆಲ್ಲಿನ ಪೀಸಿಗೆ 7ರಿಂದ 10 ಮೀಟರ್ ಕೆಲಸದ ದೂರ, 15 ದಾಟಿದ ಮ್ಯಾಲ ಮೋಜು. ದೂರದ ಅಂಕಿ ನೋಡಿ ಆರಿಸಬ್ಯಾಡ್ರಿ.

ಖರೆ ಫರಕ್ ಇರೋದು ತೆರೆಯೋ ಪದ್ಧತಿಯಾಗ. ಮಾರ್ಕ್ 3 ಹಳೇ ಇಂಗ್ಲಿಷ್ ವೆಬ್ಲಿ ರಿವಾಲ್ವರಿನ ವಂಶದ್ದು. ಮ್ಯಾಲಿನ ಚಿಲಕ ಒತ್ತಿದ್ರ ಬ್ಯಾರೆಲ್ ಮುರಿದಂಗ ಕೆಳಗ ಬಾಗ್ತದ, ಸಿಲಿಂಡರ್ ನಡುವಿನ ನಕ್ಷತ್ರ (ಕೇಸು ಎತ್ತೋ ನಕ್ಷತ್ರದಾಕಾರದ ತುಂಡು) ಎದ್ದು ಆರೂ ಕೇಸು ಒಟ್ಟಿಗೆ ಎತ್ತಿ ಹಾಕ್ತದ. ಆರೂ ಅಂದ್ರ ಆರೂ. ಎರಡು ಹೊಡೆದು ನಾಕು ಉಳಿದಿದ್ರೂ ಪೂರ್ತಿ ತೆರೆದ್ರ ಆ ನಾಕೂ ನೆಲಕ್ಕ ಬೀಳ್ತಾವ. ಇದರ ಮಾಮೂಲಿ ತೊಂದರೆ ಇನ್ನೊಂದು: ಹೊಸಬರು ಹೆದರಿ ನಿಧಾನ ತೆರೀತಾರ. ಕೇಸು ಅರ್ಧ ಎದ್ದು ವಾಪಸ್ ಜಾರ್ತದ, ಅಷ್ಟರಾಗ ನಕ್ಷತ್ರ ಅದರ ಅಂಚಿನ ಮ್ಯಾಲ ಕೂತುಬಿಡ್ತದ. ಆವಾಗ ಮುಚ್ಚಾಕ ಹೋದ್ರ ಮುಚ್ಚಲ್ಲ. ಬಲ ಹಾಕಿ ಒತ್ತಬ್ಯಾಡ್ರಿ, ನಕ್ಷತ್ರದ ಕಡ್ಡಿ ಬಾಗ್ತದ. ಪೂರ್ತಿ ಬಗ್ಗಿಸಿ ನಕ್ಷತ್ರ ಬೆರಳಿಲೆ ಎತ್ತಿ ಹಿಡಿದು, ಸಿಕ್ಕಿಕೊಂಡ ಕೇಸು ಉಗುರಿಲೆ ತೆಗೀರಿ. ಸರಿಯಾದ ರೀತಿ ಅಂದ್ರ ಪೀಸನ್ನ ಬಲಕ್ಕ ಹೊರಳಿಸಿ ಒಂದೇ ಸಲಕ್ಕ ಚುರುಕಾಗಿ ತೆರೆಯೋದು, ಕೇಸು ತಾವೇ ಕೆಳಗ ಉದುರ್ತಾವ.

ಪ್ರಬಲ್‌ದಾಗ ಸಿಲಿಂಡರ್ ಪಕ್ಕಕ್ಕ ಹೊರಳಿ ಹೊರಗ ಬರ್ತದ. ಏನೂ ಬೀಳಿಸದೇ ತೆರೆದು, ಯಾವ ಕೋಣೆ ತುಂಬ್ಯಾದ, ಯಾವುದು ಖಾಲಿ ಅಂತ ನೋಡಿ ಮುಚ್ಚಬಹುದು. ದಿನಾ ಮನೀಗೆ ಬಂದು ಖಾಲಿ ಮಾಡಿ ಇಡೋರಿಗೆ ಇದು ದೊಡ್ಡ ಅನುಕೂಲ, ನಾನು ಪ್ರಬಲ್ ಅನ್ನೋದು ಮುಖ್ಯವಾಗಿ ಇದಕ್ಕ. ಇನ್ನ ಗುಂಡಿನ ಒತ್ತಡ ಹೊರೋದು ಗಟ್ಟಿ ಫ್ರೇಮ್, ಚಿಲಕ ಅಲ್ಲ. ಮಾರ್ಕ್ 3ರಾಗ ವರ್ಷಗಟ್ಟಲೆ ಹೊಡೆದ ಮ್ಯಾಲ ಚಿಲಕ, ಕೀಲು ಸವೆದು ಬ್ಯಾರೆಲ್ ಅಲುಗಾಕ ಶುರು ಆಗ್ತದ. ಲಾಕರಿನಾಗೇ ಇದ್ದು ವರ್ಷಕ್ಕ ಹತ್ತು ರೌಂಡ್ ಹೊಡೆಯೋರಿಗೆ ಈ ಚಿಂತಿ ಬ್ಯಾಡ, ತಿಂಗಳಿಗೊಮ್ಮೆ ಹೊಡೀತೀನಿ ಅನ್ನೋ ನಿಮಗ ಬೇಕು.

ಪ್ರಬಲ್ ನಮೂನಿದು ಕೆಡೋದು ಕೈ ಮಾಡಿದ ತಪ್ಪಿಗೆ. ಸಿನಿಮಾದಾಗಿನಂಗ ಮಣಿಕಟ್ಟು ಝಾಡಿಸಿ ಸಿಲಿಂಡರ್ ಟಪ್ ಅಂತ ಮುಚ್ತಾರಲ್ಲ, ಅದರಿಂದ ಸಿಲಿಂಡರ್ ಹೊತ್ತ ತೋಳು ಬಾಗ್ತದ. ಕೂದಲೆಳೆ ಬಾಗಿದ್ರೂ ಕೋಣೆ ಮತ್ತ ಬ್ಯಾರೆಲ್ ನೇರ ಬರಲ್ಲ, ಸೀಸ ಸಿಡೀತದ. ಎಡಗೈ ಹೆಬ್ಬೆರಳಿಲೆ ಒತ್ತಿ ಮುಚ್ರಿ. ಖಾಲಿ ಕೇಸು ತೆಗೆಯುವಾಗ ಮೂತಿ ಮುಗಿಲ ಕಡೆ ಮಾಡಿ ಕಡ್ಡಿಯನ್ನ ಅಂಗೈಲೆ ಒಂದು ಪೆಟ್ಟು ಹೊಡೀರಿ. ಮೂತಿ ಕೆಳಗ ಇದ್ದಾಗ ಒತ್ತಿದ್ರ ಸುಡದ ಮದ್ದಿನ ಪುಡಿ ನಕ್ಷತ್ರದ ಕೆಳಗ ಹೋಗಿ ಕೂಡ್ತದ, ಮುಂದ ಸಿಲಿಂಡರ್ ಬಿಗಿಯಾಗಿ ತಿರುಗಲ್ಲ, ಟ್ರಿಗರ್ ಕಲ್ಲಿನಂಗ ಆಗ್ತದ. ಹಂಗಾದಾಗ ರಿಪೇರಿಗೆ ಓಡಬ್ಯಾಡ್ರಿ, ಹಳೇ ಹಲ್ಲುಜ್ಜೋ ಬ್ರಷ್ ತಗೊಂಡು ನಕ್ಷತ್ರದ ಅಡಿ ತಿಕ್ಕಿದ್ರ ಸಾಕು.

ಅಂಗಡಿಯಾಗ ಪರೀಕ್ಷೆ ಹೆಂಗ? ಅವರ ಅಪ್ಪಣೆ ಕೇಳಿ, ಆರೂ ಕೋಣೆ ಖಾಲಿ ಅಂತ ಕಣ್ಣಿಲೆ ನೋಡಿ, ಬೆರಳು ಹಾಕಿ ಮುಟ್ಟಿ ಶುರು ಮಾಡ್ರಿ. ಬೈಕ್ ಮೆಕ್ಯಾನಿಕ್ ಹತ್ರ ಟ್ಯಾಪೆಟ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಇರ್ತದಲ್ಲ, ಅದನ್ನ ಜೇಬಿನಾಗ ಒಯ್ರಿ. ಸಿಲಿಂಡರ್ ಮುಖಕ್ಕೂ ಬ್ಯಾರೆಲ್ ಬುಡಕ್ಕೂ ನಡುವಿನ ಸಂದು 0.10ರಿಂದ 0.20 ಮಿ.ಮೀ. ಇದ್ರ ಸರಿ. 0.25 ದಾಟಿದ್ರ ಪಕ್ಕಕ್ಕ ಬಿಸಿ ಗಾಳಿ, ಸೀಸದ ಚೂರು ಸಿಡೀತಾವ. 0.05ರಷ್ಟು ಬಿಗಿ ಇದ್ರ ಒಂದು ಡಬ್ಬಿ ಹೊಡೆಯೋದ್ರಾಗ ಕಾದು, ಮಸಿ ಕಟ್ಟಿ ಹಿಡ್ಕೊಂತದ. ಒಂದು ಕೋಣೆ ಅಳೆದು ಬಿಡಬ್ಯಾಡ್ರಿ, ಆರೂ ಅಳೀರಿ. ಒಂದರಾಗ 0.12 ಬಂದು ಇನ್ನೊಂದರಾಗ 0.22 ಬಂದ್ರ ಸಿಲಿಂಡರ್ ಮುಖ ಓರೆ ಅದ, ಆ ಪೀಸ್ ಬ್ಯಾಡ.

ಆಮ್ಯಾಲ ಟೈಮಿಂಗ್, ಅಂದ್ರ ಕೋಣೆ ಸರಿ ಹೊತ್ತಿಗೆ ಬ್ಯಾರೆಲ್ಲಿಗೆ ನೇರ ಬರೋದು. ಎಡಗೈ ಬೆರಳು ಸಿಲಿಂಡರಿಗೆ ಸ್ವಲ್ಪ ತಾಕಿಸಿ, ಸಣ್ಣ ಬ್ರೇಕ್ ಕೊಟ್ಟಂಗ ಹಿಡಿದು, ಹ್ಯಾಮರ್ (ರೌಂಡಿನ ಹಿಂದ ಪೆಟ್ಟು ಹೊಡೆಯೋ ಕೊಂಡಿ) ನಿಧಾನ ಎಳೀರಿ. ಹ್ಯಾಮರ್ ಪೂರ್ತಿ ನಿಲ್ಲೋದ್ರೊಳಗ ಸಿಲಿಂಡರ್ ಕಟ್ ಅಂತ ಲಾಕ್ ಆಗಿರಬೇಕು. ಹ್ಯಾಮರ್ ನಿಂತ ಮ್ಯಾಲೂ ಸಿಲಿಂಡರ್ ಬೆರಳಿಲೆ ಇನ್ನಷ್ಟು ತಿರುಗಿ ಆಮ್ಯಾಲ ಕಟ್ ಅಂದ್ರ, ಆ ಕೋಣೆ ಹಿಂದ ಬಿದ್ದದ ಅಂತ ಅರ್ಥ. ಗುಂಡು ಬ್ಯಾರೆಲ್ ಬುಡದ ಅಂಚು ಕೆರೆದು ಒಳಗ ಹೋಗ್ತದ. ಇದನ್ನೂ ಆರೂ ಕೋಣೆಗೆ ಮಾಡ್ರಿ. ಹ್ಯಾಮರ್ ಎಳೆದು ನಿಲ್ಲಿಸಿದಾಗ ಹಿಂದಿನಿಂದ ಹೆಬ್ಬೆರಳಿಲೆ ಮೆಲ್ಲಗ ಮುಂದಕ್ಕ ತಳ್ಳಿ ನೋಡ್ರಿ, ಟ್ರಿಗರ್ ಮುಟ್ಟದೇ ಬಿದ್ರ ಅಲ್ಲೇ ವಾಪಸ್ ಕೊಡ್ರಿ. ಮಾರ್ಕ್ 3 ಇದ್ರ ಹಿಡಿ ಒಂದು ಕೈಯಾಗ, ಬ್ಯಾರೆಲ್ ಇನ್ನೊಂದು ಕೈಯಾಗ ಹಿಡಿದು ಮ್ಯಾಲೆ ಕೆಳಗ ಅಲುಗಾಡಿಸ್ರಿ, ಚಿಲಕದ ಹತ್ರ ಟಿಕ್ ಟಿಕ್ ಕೇಳಬಾರದು. ಕಡೀಗೆ ಡಮ್ಮಿ (ಮದ್ದಿಲ್ಲದ) ರೌಂಡ್ ಆರೂ ಕೋಣೆಯಾಗ ಹಾಕಿ ತಿರುವಿದ್ರ ತಮ್ಮ ಭಾರಕ್ಕ ತಾವೇ ಬೀಳಬೇಕು. ಡಮ್ಮಿ ಇಲ್ಲದೇ ಖಾಲಿ ಹ್ಯಾಮರ್ ಹತ್ತಾರು ಸಲ ಬೀಳಿಸಬ್ಯಾಡ್ರಿ, ಅಂಗಡಿಯವರ ಮುಖನೂ ಕೆಡ್ತದ, ರೌಂಡಿಗೆ ಬಡಿಯೋ ಪಿನ್ನೂ ಕೆಡ್ತದ.

ಟ್ರಿಗರ್ ಎರಡರದೂ ಭಾರ ಅನಸ್ತದ, ಡಬಲ್ ಆಕ್ಷನ್ನಿನಾಗ (ಹ್ಯಾಮರ್ ಮೊದಲೇ ಎಳೀದೇ ಬರೇ ಟ್ರಿಗರಿಲೆ) ಎಳೆಯುವಾಗ ಮೂತಿ ಕೆಳಗ ಜಗ್ತದ. ಸ್ಪ್ರಿಂಗ್ ಕತ್ತರಿಸಿ ಹಗುರ ಮಾಡಿಕೊಡ್ತೀನಿ ಅನ್ನೋರು ಸಿಕ್ತಾರ, ಕೊಡಬ್ಯಾಡ್ರಿ. ಹ್ಯಾಮರಿನ ಪೆಟ್ಟು ಕಮ್ಮಿ ಆಗಿ ರೌಂಡ್ ಹತ್ತಲ್ಲ. ಮನ್ಯಾಗ ಡಮ್ಮಿ ಹಾಕಿ, ಗಟ್ಟಿ ಗ್ವಾಡಿ ಕಡೆ ಹಿಡಿದು, ಮುಂದಿನ ಮಣಿ ಹತ್ರ ಬ್ಯಾರೆಲ್ ಮ್ಯಾಲ ಒಂದು ರೂಪಾಯಿ ನಾಣ್ಯ ಇಟ್ಟು ದಿನಾ ಇಪ್ಪತ್ತು ಸಲ ಎಳೀರಿ. ನಾಣ್ಯ ಬೀಳದಂಗ ಎಳೆಯೋದು ಬಂದ ದಿನ ರೇಂಜಿನಾಗೂ ಗುಂಡು ಒಂದು ಕಡೆ ಸೇರ್ತಾವ.

ರೇಂಜಿನಾಗ ಒಂದು ಗುಂಡಿನ ಸದ್ದು ಟುಸ್ ಅಂತ ಬಂತು, ಒದೆತ ಇಲ್ಲ ಅಂದ್ರ ಮುಂದಿನ ಟ್ರಿಗರ್ ಎಳೀಬ್ಯಾಡ್ರಿ. ಗುಂಡು ಬ್ಯಾರೆಲ್ಲಿನಾಗೇ ನಿಂತಿರ್ತದ, ಹಿಂದಿಂದ ಇನ್ನೊಂದು ಬಂದ್ರ ಬ್ಯಾರೆಲ್ ಉಬ್ಬತದ. ಸದ್ದೇ ಬರಲಿಲ್ಲ ಅಂದ್ರ ಗುರಿ ಕಡೆನೇ ಹಿಡಿದು 30 ಸೆಕೆಂಡ್ ಎಣಿಸಿ ಆಮ್ಯಾಲ ತೆರೀರಿ. ಮತ್ತ ರೇಂಜ್ ಅಂದ್ರ ಅನುಮತಿ ಇರೋ ರೇಂಜ್, ಗದ್ದಿ ಬದುವಲ್ಲ. ನಮ್ಮ ಗಂಗಾವತಿ, ಆನೆಗೊಂದಿ ಕಡೆ ಗುಂಡುಕಲ್ಲು ಎಷ್ಟವ ನೋಡೀರಲ್ಲ, ಸೀಸದ ಗುಂಡು ಬಂಡಿಗೆ ತಾಗಿದ್ರ ಎತ್ತ ಹಾರ್ತದ ಅಂತ ಹೇಳಾಕ ಆಗಲ್ಲ.

ಸೊಂಟಕ್ಕ ಕಟ್ಟೋದು. ಹೋಲ್‌ಸ್ಟರಿನಾಗೇ ಇರಬೇಕು, ಅಂಗಿ ಕೆಳಗ ಇರಬೇಕು, ಅಸಲಿ ಲೈಸೆನ್ಸ್ ಜೊತೆಗಿರಬೇಕು. ಜಾತ್ರಿ, ಮದುವಿ, ಮೆರವಣಿಗಿಗೆ ಒಯ್ಯಬ್ಯಾಡ್ರಿ, ಕೊಪ್ಪಳದ ಗವಿಮಠದ ತೇರಿನ ದಿನ ಲಾಕರಿನಾಗ ಇರಲಿ. ಖುಷಿಗೆ ಮ್ಯಾಲಕ್ಕ ಹೊಡೆದ್ರ 2019ರ ತಿದ್ದುಪಡಿ ಪ್ರಕಾರ 2 ವರ್ಷದ ತನಕ ಜೈಲು, ಇಲ್ಲ 1 ಲಕ್ಷದ ತನಕ ದಂಡ, ಎರಡೂ ಆಗಬಹುದು. ಮಾರ್ಕ್ 3 ಕಟ್ಟೋರು ಹ್ಯಾಮರ್ ಕೆಳಗಿನ ಕೋಣೆ ಖಾಲಿ ಬಿಟ್ಟು ಐದೇ ರೌಂಡ್ ಹಾಕ್ರಿ, ಕೆಳಗ ಬಿದ್ರೂ ಹೆದರಿಕಿ ಇರಲ್ಲ. ತೋಟದ ದಾರಿಯಾಗ ಕರಡಿ ಬಂದ್ರ ಬೇಕು ಅಂತ ಇನ್ನೊಬ್ಬರು ಬರೆದಿದ್ರು. ಕರಡಿ ಮುಂದ .32 ಅಂದ್ರ ಸಿಟ್ಟು ಬರಿಸೋ ಸಾಮಾನು ಅಷ್ಟ, ಬ್ಯಾಟರಿ ಹಿಡಿದು ಜೋರಾಗಿ ಮಾತಾಡ್ತಾ ಹೋಗೋದೇ ಮೇಲು.

ಬೆವರು, ಧೂಳು ಎರಡೂ ನಮ್ಮ ಕಡೆ ಜಾಸ್ತಿ. ಚರ್ಮದ ಹೋಲ್‌ಸ್ಟರ್ ಬೆವರು ಕುಡಿದು ಹಂಗೇ ಇಟ್ಕೊಂತದ, ರಾತ್ರಿ ಅದರಾಗೇ ಬಿಟ್ರ ವಾರದೊಳಗ ಬ್ಯಾರೆಲ್ ಮ್ಯಾಲ ಕೆಂಪು ಚುಕ್ಕಿ. ಮನೀಗೆ ಬಂದ ಕೂಡಲೇ ಹೊರಗ ತೆಗೆದು ಒಣ ಬಟ್ಟಿಲೆ ಒರೆಸಿ ಇಡ್ರಿ. ಎಣ್ಣಿ ಅಂದ್ರ ಹನಿ, ಸುರಿಯೋದಲ್ಲ. ಮಿಲ್ಲಿನ ತೌಡಿನ ಧೂಳು ಎಣ್ಣಿಗೆ ಅಂಟಿದ್ರ ಗಂಜಿ ಆಗ್ತದ, ಸಂಡೂರ ಕಡೆ ಅದಿರಿನ ಧೂಳು ಅಂಟಿದ್ರ ಸಾಣಿ ಹಿಡಿಯೋ ಪೇಸ್ಟೇ ಆಗ್ತದ. ರೌಂಡ್ ಕಾರಿನ ಡ್ಯಾಶ್‌ಬೋರ್ಡಿನಾಗ ಬಿಡಬ್ಯಾಡ್ರಿ, ಬ್ಯಾಸಗಿಯಾಗ ಅದು ಒಲಿ ಇದ್ದಂಗ. ಖಾಲಿ ಕೇಸು ಎಸೀಬ್ಯಾಡ್ರಿ, ಡಬ್ಬಿಗೆ ಹಾಕಿಡ್ರಿ, ಲೆಕ್ಕ ಕೇಳಿದ್ರ ತೋರಿಸಾಕ ಬೇಕಾಗ್ತಾವ. ಲೈಸೆನ್ಸಿನಾಗ ಒಮ್ಮೆಗೆ ಎಷ್ಟು, ವರ್ಷಕ್ಕ ಎಷ್ಟು ರೌಂಡ್ ಅಂತ ಬರೆದಿರ್ತದ. ಪ್ರಾಕ್ಟೀಸಿನ ಲೆಕ್ಕ ಅದರ ಮ್ಯಾಲೇ ಹಾಕ್ಕೊಳ್ರಿ, ಸೊಂಟದ್ದಕ್ಕ ಅಂತ ಹನ್ನೆರಡು ಯಾವಾಗಲೂ ಬ್ಯಾರೆ ಇರಲಿ. ಚುನಾವಣಿ ನೀತಿಸಂಹಿತಿ ಬಂದಾಗ ಠಾಣೆಗೆ ಜಮಾ ಮಾಡಂದ್ರ ಮಾಡ್ರಿ, ಕೊಡುವಾಗ ಎಣ್ಣಿ ಹಚ್ಚಿದ ಬಟ್ಟಿಯಾಗ ಸುತ್ತಿ ಕೊಟ್ಟು ನಂಬರ್ ಬರೆದ ರಸೀದಿ ಇಸ್ಕೊಳ್ರಿ.

ನಾಳೆ ಅಂಗಡಿಗೆ ಹೋದಾಗ ಎರಡೂ ಪೀಸಿನ ಆರಾರು ಕೋಣೆಯ ಗೇಜ್ ಅಳತಿ ಚೀಟಿಯಾಗ ಬರ್ಕೊಂಡು ಇಲ್ಲೇ ಹಾಕ್ರಿ, ಪೀಸಿನ ನಂಬರ್ ಮಾತ್ರ ಹಾಕಬ್ಯಾಡ್ರಿ. ಅಂಕಿ ನೋಡಿ ಹೇಳೋಣು.